ಕರುವಿನ ಹೆಪ್ಪು

ನಮ್ಮದು ಮಾಮೂಲ್‌ಪೇಟೆಯಲ್ಲಿ ಮೂರು ತಲೆಮಾರು ಬೆಣ್ಣೆ, ತುಪ್ಪ ಮಾರಿದ ಮನೆತನ. ಅಪ್ಪನ ಕಾಲಕ್ಕೆ ಪ್ಯಾಕೆಟ್ ತುಪ್ಪ ಬಂದು ಅಂಗಡಿ ಸೊರಗಿತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಅದನ್ನು ಮುಚ್ಚಿ ಬಸವನಗುಡಿಯ ಮನೆಯಲ್ಲಿ ಕೂತರು. ಸುಮ್ಮನೆ ಕೂರುವ ಜೀವ ಮಾತ್ರ ಅದಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಗಾಂಧಿ ಬಜಾರಿಗೆ ಹೋಗುತ್ತಿದ್ದರು. ಬೆಣ್ಣೆ ಮಾರುವವರ ಮುಂದೆ ನಿಂತು, ಬೆರಳ ತುದಿಯಲ್ಲಿ ಒಂದು ಚೂರು ತೆಗೆದು ಮುಂಗೈಗೆ ಉಜ್ಜಿ ಮೂಸಿ, "ಇದು ಮೂರು ದಿನ ಆಗಿರೋದು, ಇವತ್ತಿಂದು ಅಂತ ಹೇಳ್ಬೇಡಿ" ಎಂದು ಹೇಳಿ ಬರುತ್ತಿದ್ದರು. ಮಾರುವವರಿಗೆ ಅವರನ್ನು ಕಂಡರೆ ಭಯವೂ ಇತ್ತು, ಗೌರವವೂ ಇತ್ತು.

ಆ ಮೂಗು ನನಗೂ ಬಂದಿತ್ತು. ನಾನು ಒಂದು ದೊಡ್ಡ ಹೋಟೆಲಿನ ಅಡುಗೆ ಸಾಮಾನು ಕೊಳ್ಳುವ ವಿಭಾಗದಲ್ಲಿದ್ದೆ. ಮದುವೆಯಾಗಿ, ಅದು ಮುರಿದು, ಅಪ್ಪನ ಮನೆಗೇ ವಾಪಸಾಗಿದ್ದೆ. ಹೋಟೆಲಿನವರು ಒಮ್ಮೆ ಎರಡು ತಿಂಗಳ ತರಬೇತಿಗೆಂದು ಯುರೋಪಿಗೆ ಕಳಿಸಿದರು. ಅಲ್ಲಿ ಆಲ್ಪ್ಸ್ ಗುಡ್ಡಗಳ ಒಂದು ಕಣಿವೆಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳಾದ ಒಬ್ಬ ಹೆಂಗಸಿನ ಹಟ್ಟಿಗೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಹದಿನೆಂಟು ಹಸು, ಒಂದು ತಾಮ್ರದ ಹಂಡೆ, ಅವಳು, ಅವಳ ತಮ್ಮ, ಅಷ್ಟೇ ಅಲ್ಲಿ ಇದ್ದದ್ದು. ಬೇಸಿಗೆಯಲ್ಲಿ ಹಸುಗಳು ಮೇಲಿನ ಹುಲ್ಲುಗಾವಲಿಗೆ ಹೋದಾಗ ಮಾತ್ರ ಅವಳು ಚೀಸು ಮಾಡುತ್ತಿದ್ದಳು. ಬಂಡಿಯ ಗಾಲಿಯ ಹಾಗೆ ದುಂಡಗೆ, ದಪ್ಪಗೆ ಇದ್ದ ಆ ಚೀಸಿನ ಗಾಲಿಗಳನ್ನು ನೆಲಮಾಳಿಗೆಯ ಹಲಗೆಗಳ ಮೇಲೆ ಇಟ್ಟು, ಒಂದು ವರ್ಷ ದಿನಾ ಉಪ್ಪುನೀರಲ್ಲಿ ಒರೆಸುತ್ತಿದ್ದಳು. ಒಂದು ಚೂರು ಕತ್ತರಿಸಿ ಕೊಟ್ಟಳು. ಮೊದಲು ಒಣಹುಲ್ಲಿನ ವಾಸನೆ ಬಂತು, ಆಮೇಲೆ ಹುರಿದ ಕಡಲೆಕಾಯಿಯ ರುಚಿ, ನುಂಗಿದ ಮೇಲೆ ಬಹಳ ಹೊತ್ತು ನಾಲಿಗೆಯ ಹಿಂದೆ ಕೆನೆ. ಅಪ್ಪ ಇದನ್ನು ತಿನ್ನಬೇಕು ಅನ್ನಿಸಿತು. ಬೇರೆ ಯೋಚನೆಯೇ ಬರಲಿಲ್ಲ.

ತೊಂದರೆ ಇದ್ದದ್ದು ಹೆಪ್ಪಿನಲ್ಲಿ. ನಾವು ಹಾಲಿಗೆ ಮಜ್ಜಿಗೆ ಬಿಟ್ಟು ಹೆಪ್ಪು ಹಾಕುತ್ತೇವೆ. ಅವರು ಇನ್ನೂ ಹಾಲು ಬಿಡದ ಎಳೆಗರುವಿನ ಹೊಟ್ಟೆಯ ಒಳಪದರವನ್ನು ನೆನೆಸಿ, ಅದರ ರಸದಿಂದ ಹಾಲನ್ನು ಒಡೆಯುತ್ತಾರೆ. ಕರುವನ್ನು ಕಡಿಯದೆ ಅದು ಸಿಗುವುದಿಲ್ಲ. ಅಂಥ ಚೀಸನ್ನು ನಮ್ಮ ದೇಶಕ್ಕೆ ತರಲು ಅನುಮತಿಯೂ ಇರಲಿಲ್ಲ. ನಾನು ಅವಳ ಜೊತೆ ಎರಡು ವರ್ಷ ಪತ್ರ ವ್ಯವಹಾರ ನಡೆಸಿದೆ. ಬೂಷ್ಟಿನಿಂದ ತಯಾರಿಸುವ ಬೇರೊಂದು ಹೆಪ್ಪು ಇದೆ, ನನಗೋಸ್ಕರ ಕೆಲವು ಗಾಲಿಗಳನ್ನು ಅದರಲ್ಲಿ ಮಾಡಿಕೊಡು ಎಂದು ಬೇಡಿಕೊಂಡೆ. ಅಜ್ಜಿಯಿಂದ ಬಂದ ಪದ್ಧತಿ ಬಿಡುವುದಿಲ್ಲ ಎಂದು ಅವಳು ಮೊದಲು ಹಟ ಹಿಡಿದಳು. ಕೊನೆಗೆ ಒಂದು ಬೇಸಿಗೆ ಪ್ರಯತ್ನ ಮಾಡಿದಳು. ಚೆನ್ನಾಗಿ ಬಂತು. ಪರೀಕ್ಷೆ, ಪ್ರಮಾಣಪತ್ರ, ಲೇಬಲ್ಲು ಎಲ್ಲ ಆಗಿ ನನ್ನ ಗಾಲಿಗಳು ಪ್ರತ್ಯೇಕ ಹಲಗೆಯ ಮೇಲೆ ಮಾಗತೊಡಗಿದವು. ಹೋಟೆಲಿನ ಕೆಲಸ ಬಿಟ್ಟು ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಸಣ್ಣ ಅಂಗಡಿ ಹಿಡಿದೆ.

ಗಾಲಿಗಳು ಬಂದ ದಿನ ಅಪ್ಪ ಅಂಗಡಿಗೆ ಬಂದರು. ಬೆರಳ ಗೆಣ್ಣಿನಿಂದ ಗಾಲಿಯನ್ನು ತಟ್ಟಿ ಶಬ್ದ ಕೇಳಿದರು. ನಾನು ಒಂದು ಚೂರು ಕತ್ತರಿಸಿ ಕೊಟ್ಟೆ. ಅವರು ತಿನ್ನಲಿಲ್ಲ.

"ಹೆಪ್ಪು ಏನು?" ಅಂದರು.

ನಾನು ಎಲ್ಲವನ್ನೂ ಹೇಳಿದೆ. ಅಲ್ಲಿನ ಪದ್ಧತಿ ಏನು, ನಮಗಾಗಿ ಅವಳು ಏನು ಬದಲಾಯಿಸಿದ್ದಾಳೆ, ಪ್ರಮಾಣಪತ್ರದಲ್ಲಿ ಏನಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, ಕೊರಳಲ್ಲಿದ್ದ ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು, ಚೂರನ್ನು ಅದಕ್ಕೆ ತೋರಿಸಿ, ಆಮೇಲೆ ಬಾಯಿಗೆ ಹಾಕಿಕೊಂಡರು. ಲಿಂಗಕ್ಕೆ ಅರ್ಪಿಸದೆ ಒಂದು ಗುಟುಕು ನೀರನ್ನೂ ಅವರು ಕುಡಿದದ್ದನ್ನು ನಾನು ನೋಡಿಲ್ಲ. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಅಗಿದರು.

"ಗಿಣ್ಣು ಮಾಡಿಟ್ಟು ಒಂದು ವರ್ಷ ಮರೆತು, ಆಮೇಲೆ ನೆನಪಾಗಿ ತೆಗೆದ ಹಾಗಿದೆ" ಅಂದರು. "ಹಸು ಒಳ್ಳೆ ಹುಲ್ಲು ತಿಂದಿದೆ."

ಅಲ್ಲಿಂದ ಮುಂದೆ ಚೀಸಿನ ವಕಾಲತ್ತು ನನಗಿಂತ ಹೆಚ್ಚಾಗಿ ಅವರೇ ವಹಿಸಿಕೊಂಡರು. ಮೊದಮೊದಲು ನಮ್ಮ ಬೀದಿಯವರು ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಮಹಡಿಯ ಮೇಲಿದ್ದ ಮನೆಯ ಮಾಲೀಕರು ಒಂದು ದಿನ ಇಳಿದು ಬಂದು, "ಏನೋ ಸತ್ತಿದೆ ನೋಡಮ್ಮ ಒಳಗೆ" ಎಂದು ಗಾಬರಿಯಿಂದ ಹೇಳಿದ್ದರು. ಅಪ್ಪ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತರು. ಹೋಗುವವರನ್ನು ಕರೆದು, "ಬನ್ನಿ ಸ್ವಾಮಿ, ಹಾಲು ಇದು, ಬರೀ ಹಾಲು. ಒಂದ್ ಚೂರು ನೋಡಿ" ಅನ್ನುತ್ತಿದ್ದರು. ಅವರ ಹಣೆಯ ವಿಭೂತಿ ನೋಡಿಯೇ ಜನ ಒಳಗೆ ಬರುತ್ತಿದ್ದರು. "ಮೊಟ್ಟೆ ಗಿಟ್ಟೆ ಏನೂ ಇಲ್ಲ ತಾನೆ?" ಎಂದು ಕೇಳಿದವರಿಗೆ ಅವರ ಉತ್ತರ ಒಂದೇ. "ನನ್ನ ಮಗಳು ವಿಚಾರಿಸಿದಾಳೆ. ನಾನು ಲಿಂಗಕ್ಕೆ ತೋರಿಸಿ ತಿಂತಿದೀನಿ. ಇನ್ನೇನ್ ಬೇಕು?" ಹಾಗೆ ಹನ್ನೊಂದು ಮನೆಯವರು ನಮಗೆ ಕಾಯಂ ಆದರು. ಅವರೆಲ್ಲ ಅಪ್ಪನ ವಾಕಿಂಗ್ ಗೆಳೆಯರು, ಹಳೆಯ ತುಪ್ಪದ ಗಿರಾಕಿಗಳು, ಒಬ್ಬರು ಜ್ಯೋತಿಷಿಗಳು. ಹೋಟೆಲುಗಳೂ ಕೊಳ್ಳುತ್ತಿದ್ದವು, ಆದರೆ ಅಪ್ಪನಿಗೆ ಲೆಕ್ಕ ಈ ಹನ್ನೊಂದು ಮನೆ.

ಅದರಲ್ಲಿ ಒಂದು ಮನೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಮೇಡಂ ಅವರದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಡಿ, ಏಕಾದಶಿ ಎಲ್ಲ ಕಟ್ಟುನಿಟ್ಟು. ಹೊರಗಿನ ನೀರನ್ನೂ ಕುಡಿಯುತ್ತಿರಲಿಲ್ಲ. ಅವರಿಗೆ ಹೊಟ್ಟೆಯಲ್ಲಿ ಗೆಡ್ಡೆಯಾಗಿ, ಔಷಧಿಯ ಹೊಡೆತಕ್ಕೆ ನಾಲಿಗೆಯ ರುಚಿ ಪೂರ್ತಿ ಹೊರಟುಹೋಗಿತ್ತು. ಅನ್ನ ಬಾಯಿಗೆ ಇಟ್ಟರೆ ಬೂದಿ ಇಟ್ಟ ಹಾಗಾಗುತ್ತೆ ಎಂದು ಅಳುತ್ತಿದ್ದರಂತೆ. ಅಪ್ಪ ಒಂದು ದಿನ ಚೀಸಿನ ತುಂಡನ್ನು ಬಾಳೆಎಲೆಯಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟರು. ಅವರು ತುಂಬ ಅನುಮಾನ ಪಟ್ಟು, ನಾಲ್ಕು ಸಲ ಕೇಳಿ, ಬಿಸಿ ಅಕ್ಕಿರೊಟ್ಟಿಯ ಮೇಲೆ ಸ್ವಲ್ಪ ತುರಿದು ಹಾಕಿಸಿಕೊಂಡು ತಿಂದರು. ಅಪ್ಪ ಓಡಿದ ಹಾಗೇ ಮನೆಗೆ ಬಂದರು. "ಮೇಡಮ್‌ಗೆ ರುಚಿ ಗೊತ್ತಾಯ್ತಂತೆ. ಇನ್ನೊಂದ್ ರೊಟ್ಟಿ ಹಾಕಿಸ್ಕೊಂಡ್ರು" ಅಂದರು. ಅಪ್ಪ ಅಷ್ಟು ಸಂತೋಷಪಟ್ಟದ್ದನ್ನು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ. ಆಮೇಲೆ ಪ್ರತಿವಾರ ಒಂದು ತುಂಡು ಮೇಡಂ ಮನೆಗೆ ಹೋಗುತ್ತಿತ್ತು. ಮೇಡಂ ಚೂರು ಮೈ ತುಂಬಿಕೊಂಡರು. ಸಂಜೆ ಜಗಲಿಯ ಮೇಲೆ ಬಂದು ಕೂರುವಷ್ಟಾದರು.

ನಾಲ್ಕನೇ ವರ್ಷದ ಸರಕು ಬಂದು ತಿಂಗಳಾಗಿತ್ತು. ಗಾಂಧಿ ಬಜಾರಿನ ರಸ್ತೆಯನ್ನು ಅಗೆದು ಹಾಕಿದ್ದ ಕಾಲ, ಅಂಗಡಿಗೆ ಯಾರೂ ಬರುತ್ತಿರಲಿಲ್ಲ, ಅಪ್ಪನೂ ಬಾಗಿಲಲ್ಲಿ ಕೂರುವುದನ್ನು ಬಿಟ್ಟಿದ್ದರು. ಮಧ್ಯಾಹ್ನ ಫೋನಿನಲ್ಲಿ ಆ ಗುಡ್ಡದ ಹೆಂಗಸಿನ ಮೇಲ್ ಬಂತು. ಅವಳ ಇಂಗ್ಲಿಷು ಯಾವಾಗಲೂ ತೊದಲು. ಆದರೆ ವಿಷಯ ಅರ್ಥವಾಗದೆ ಇರುವಂಥದ್ದಲ್ಲ. ಕಳೆದ ಬೇಸಿಗೆ ಅವಳ ಬೆನ್ನುಮೂಳೆಗೆ ಆಪರೇಷನ್ ಆಗಿ ಹಟ್ಟಿಯನ್ನು ತಮ್ಮ ನೋಡಿಕೊಂಡಿದ್ದ. ನನ್ನ ಗಾಲಿಗಳಿಗೆ ಬೇರೆ ಹೆಪ್ಪು ಹಾಕಬೇಕೆನ್ನುವುದು ಅವನಿಗೆ ಗೊತ್ತಿತ್ತು. ಆದರೆ ಎರಡು ಬಗೆ ಮಾಡಲು ಒಬ್ಬನ ಕೈಲಿ ಆಗದೆ, ಎಲ್ಲವನ್ನೂ ಹಳೇ ಪದ್ಧತಿಯಲ್ಲೇ ಮಾಡಿದ್ದ. ಪ್ರಮಾಣಪತ್ರವನ್ನು ಮಾತ್ರ ಹಿಂದಿನ ವರ್ಷದ ಹಾಗೇ ಬರೆಸಿ ಕಳಿಸಿದ್ದ. ತಿಂಗಳುಗಟ್ಟಲೆ ಆರೈಕೆಯಲ್ಲಿದ್ದು ಈಗ ಹಟ್ಟಿಗೆ ಮರಳಿದ ಅವಳು, ಯಾವ ದಿನ ಯಾವ ಹೆಪ್ಪು ಹಾಕಿದೆ ಎಂದು ಬರೆದಿಡುವ ಹಂಡೆಯ ಪುಸ್ತಕ ನೋಡಿದಾಗ ಸಂಗತಿ ತಿಳಿದದ್ದು. "ನಾನು ಇವತ್ತು ನೋಡಿದೆ, ಇವತ್ತೇ ಬರೆಯುತ್ತಿದ್ದೇನೆ. ನಿನ್ನ ಜನ ಅದನ್ನು ತಿನ್ನಬಾರದು" ಎಂದಿತ್ತು.

ನಾನು ಮೊಬೈಲನ್ನು ಕೌಂಟರಿನ ಮೇಲೆ ಮಗುಚಿ ಇಟ್ಟೆ. ತಣ್ಣನೆಯ ಕೋಣೆಯ ಬಾಗಿಲು ತೆಗೆದು ಗಾಲಿಗಳನ್ನು ನೋಡಿದೆ. ಹಿಂದಿನ ವರ್ಷದವಕ್ಕೂ ಇವಕ್ಕೂ ಏನೂ ವ್ಯತ್ಯಾಸ ಇರಲಿಲ್ಲ. ನಿಜ ಹೇಳಬೇಕೆಂದರೆ ಈ ವರ್ಷದ್ದು ರುಚಿ ಇನ್ನೂ ಚೆನ್ನಾಗಿತ್ತು. ಅಪ್ಪನೇ ಹೇಳಿದ್ದರು.

ಆ ದಿನ ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ಸಂಜೆ ಹೇಳುತ್ತೇನೆ ಎಂದುಕೊಂಡೆ. ಸಂಜೆ ಮನೆಗೆ ಹೋದಾಗ ಅಪ್ಪ ಮೇಡಂ ಮನೆಯಿಂದ ಆಗತಾನೇ ಬಂದು, ಅವರ ತೂಕ ಎಷ್ಟು ಏರಿದೆ ಎಂದು ಹೇಳುತ್ತಿದ್ದರು. ನಾಳೆ ಎಂದುಕೊಂಡೆ. ಅಂಗಡಿಯಲ್ಲಿ ಆ ಗಾಲಿಗಳ ಮಾರಾಟ ನಿಲ್ಲಿಸಿ, ಕೇಳಿದವರಿಗೆ "ಸ್ಟಾಕ್ ಇಲ್ಲ" ಅಂದೆ. ಅಷ್ಟು ಮಾಡಿದ್ದು ಸಾಕೆಂದು ನನ್ನ ಮನಸ್ಸು ನನಗೇ ಹೇಳಿತು. ಆದರೆ ಮನೆಯ ಫ್ರಿಜ್ಜಿನಲ್ಲಿ ಒಂದು ಗಾಲಿಯ ಕಾಲು ಭಾಗ ಇತ್ತು. ಅಪ್ಪ ತಮ್ಮ ಹನ್ನೊಂದು ಮನೆಗಳಿಗೆ ಹಂಚುತ್ತಿದ್ದದ್ದು ಅದರಿಂದ. ಅದನ್ನು ತೆಗೆದು ಬಿಸಾಡಿದರೆ ಕಾರಣ ಹೇಳಬೇಕು. ನಾನು ಅದನ್ನು ಮುಟ್ಟಲಿಲ್ಲ. ದಿನವೂ ಅಪ್ಪ ಊಟಕ್ಕೆ ಕೂತು, ಎಡಗೈಯಲ್ಲಿ ಲಿಂಗ ಹಿಡಿದು, ಚೀಸಿನ ಚೂರನ್ನು ಅದಕ್ಕೆ ತೋರಿಸುವಾಗ ನಾನು ಎದುರಿನಲ್ಲಿ ಕೂತು ಅನ್ನ ಕಲಸುತ್ತಿದ್ದೆ. ಊಟ ಸೇರುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸೇರುತ್ತಿತ್ತು. ನಲವತ್ತೊಂದು ದಿನ ಹೀಗೇ ನಡೆಯಿತು.

ನಲವತ್ತೆರಡನೆಯ ದಿನ ಬೆಳಿಗ್ಗೆ ಅಪ್ಪ ಬಿಳಿ ಪಂಚೆ, ಜುಬ್ಬ ಹಾಕಿಕೊಂಡು ಹೊರಟು ನಿಂತಿದ್ದರು. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಎಲ್ಲಿಗಪ್ಪ?" ಎಂದು ಕೇಳಿದೆ.

"ಚಾಮರಾಜಪೇಟೆ ಮಠಕ್ಕೆ. ಸ್ವಾಮಿಗಳು ಬಂದಿದಾರಂತೆ. ನಿನ್ನ ಚೀಸು ಒಂಚೂರು ಪ್ರಸಾದಕ್ಕೆ ಕೊಟ್ಟು ಬರ್ತೀನಿ. ಅವರೂ ನೋಡ್ಲಿ."

"ಅದನ್ನ ತಗೊಂಡ್ ಹೋಗ್ಬೇಡಿ."

"ಯಾಕೆ, ಕೆಟ್ಟೋಗಿದ್ಯಾ? ಬೆಳಿಗ್ಗೆ ನೋಡ್ದೆ, ಚೆನ್ನಾಗೇ ಇದೆ."

"ಕೆಟ್ಟಿಲ್ಲ" ಅಂದೆ. "ಅದರಲ್ಲಿ ಕರುವಿನ ಹೆಪ್ಪಿದೆ."

ಅಪ್ಪ ಡಬ್ಬಿಯನ್ನು ಹೊಸಿಲ ಮೇಲೆ ಇಟ್ಟರು. ಆಮೇಲೆ ಅಲ್ಲಿಡಬಾರದು ಅನ್ನಿಸಿರಬೇಕು, ಎತ್ತಿ ಹೊರಗೆ ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕ ಇಟ್ಟರು. ನಾನು ಆ ಹೆಂಗಸಿನ ಆಪರೇಷನ್ನು, ಅವಳ ತಮ್ಮ ಮಾಡಿದ ತಪ್ಪು, ಮೇಲ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿನಗೆ ಯಾವಾಗ ಗೊತ್ತಾಯ್ತು?"

"ನಿನ್ನೆ" ಅಂದೆ.

ಆ ಮಾತನ್ನು ನಾನು ಯೋಚನೆ ಮಾಡಿ ಆಡಲಿಲ್ಲ. ಬಾಯಿ ತೆರೆದಾಗ ಅದೇ ಬಂತು. ಅಪ್ಪ ತಲೆಯಾಡಿಸಿದರು. ಒಳಗೆ ಹೋಗಿ ಸ್ನಾನ ಮಾಡಿ ಪೂಜೆಗೆ ಕೂತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಎದ್ದು ಬಂದಾಗ ಅವರ ಕಣ್ಣು ಕೆಂಪಾಗಿತ್ತು. "ಹನ್ನೊಂದು ಮನೆಗೂ ಹೋಗಿ ಹೇಳ್ಬೇಕು" ಅಂದರು. ಫೋನ್ ಮಾಡೋಣ ಎಂದೆ. "ಕೊಟ್ಟಿದ್ದು ಕೈಯಾರೆ. ಹೇಳೋದು ಫೋನಲ್ಲಾ?" ಎಂದು ಚಪ್ಪಲಿ ಮೆಟ್ಟಿಕೊಂಡರು. ಆಗ ಅವರಿಗೆ ಎಂಬತ್ತಕ್ಕೆ ಎರಡು ಕಡಿಮೆ. ನಾನೂ ಜೊತೆಗೆ ಹೋದೆ.

ಎರಡು ದಿನ ನಡೆದೆವು. ಪ್ರತಿ ಮನೆಯಲ್ಲೂ ಅಪ್ಪ ಒಳಗೆ ಹೋಗದೆ ಜಗಲಿಯ ಕೆಳಗೇ ನಿಂತು ಕೈ ಮುಗಿಯುತ್ತಿದ್ದರು. ಆಡುತ್ತಿದ್ದ ಮಾತು ಒಂದೇ. "ನಾನು ನಿಮಗೆ ಕೊಟ್ಟ ಚೀಸಿನಲ್ಲಿ ಕರುವಿನ ಅಂಶ ಸೇರಿತ್ತು. ಗೊತ್ತಿಲ್ದೆ ಆಯ್ತು. ನನ್ನ ಮಗಳಿಗೆ ನಿನ್ನೆ ತಿಳೀತು, ತಿಳಿದ ತಕ್ಷಣ ನನಗೆ ಹೇಳಿದಾಳೆ. ನನ್ನನ್ನ ಕ್ಷಮಿಸ್ಬೇಕು." ಎರಡನೆಯ ದಿನ "ನಿನ್ನೆ" ಎನ್ನುವುದನ್ನು ಅವರು "ಮೊನ್ನೆ" ಎಂದು ಬದಲಾಯಿಸಿಕೊಂಡರು. ಅಷ್ಟು ಕರಾರುವಾಕ್ಕು. ನಾನು ಅವರ ಹಿಂದೆ ನೆಲ ನೋಡುತ್ತಾ ನಿಂತಿರುತ್ತಿದ್ದೆ. ಜನ ಅದನ್ನು ನಾಚಿಕೆ ಎಂದುಕೊಂಡರು. ಒಬ್ಬರು, "ಒಳ್ಳೆ ಹುಡುಗಿ, ಮುಚ್ಚಿಡ್ಲಿಲ್ಲ" ಎಂದು ನನ್ನ ತಲೆ ಮುಟ್ಟಿದರು. ಜ್ಯೋತಿಷಿಗಳು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡರು. ಅವರ ಹೆಂಡತಿ ಒಳಗಿನಿಂದ, "ಮನೆಯೆಲ್ಲ ತೊಳೀಬೇಕು ಈಗ" ಅನ್ನುವುದು ಕೇಳಿಸಿತು. ವಾಕಿಂಗ್ ಗೆಳೆಯರೊಬ್ಬರು ನಕ್ಕು, "ಬಿಡಯ್ಯ, ಕ್ಯಾಪ್ಸೂಲ್ ಮಾತ್ರೆ ಸಿಪ್ಪೆ ಮಾಡೋದೂ ದನದ ಮೂಳೆಯಿಂದ್ಲೇ" ಅಂದರು. ಅಪ್ಪ ನಗಲಿಲ್ಲ.

ಮೇಡಂ ಮನೆಯನ್ನು ಅಪ್ಪ ಕೊನೆಗೆ ಇಟ್ಟುಕೊಂಡಿದ್ದರು. ಅವರು ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದುಕೊಂಡು ಕೂತಿದ್ದರು. ಅಪ್ಪ ಹೇಳಿ ಮುಗಿಸುವವರೆಗೂ ಅವರ ಮುಖ ಬದಲಾಗಲಿಲ್ಲ.

"ಎಷ್ಟು ದಿನದಿಂದ?" ಎಂದು ಕೇಳಿದರು.

"ಈ ಸಲದ ಸರಕು ಬಂದಾಗಿನಿಂದ. ಎರಡು ತಿಂಗಳ ಮೇಲಾಯ್ತು."

"ಎರಡು ತಿಂಗಳಿಂದ ನಾನು ಊಟ ಮಾಡಿದೀನಿ" ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಹೇಳುವವರ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. "ಇನ್ನು ಮಾಡೋಕಾಗಲ್ಲ. ಯಾಕ್ ಬಂದು ಹೇಳಿದ್ರಿ? ನನಗೇನು ಇನ್ನು ಬಹಳ ದಿನ ಇಲ್ಲ. ಗೊತ್ತಿಲ್ದೆ ಹೋಗ್ಬಿಡ್ತಿದ್ದೆ. ನೀವು ಹಗುರ ಆಗೋಕೆ ಬಂದ್ರಿ."

ಅಪ್ಪ ಕೈ ಮುಗಿದುಕೊಂಡೇ ನಿಂತಿದ್ದರು. ಮೇಡಂ ಒಳಗೆ ತಿರುಗಿ, ಕೆಲಸದಾಕೆಗೆ ಅವರಿಗೆ ನೀರು ಕೊಡಲು ಹೇಳಿದರು. ಅಪ್ಪ ನೀರು ತೆಗೆದುಕೊಂಡರು, ಲಿಂಗಕ್ಕೆ ತೋರಿಸಿದರು, ಪೂರ್ತಿ ಕುಡಿದು ಲೋಟವನ್ನು ಜಗಲಿಯ ಅಂಚಿಗೆ ಇಟ್ಟರು.

ನಾನು ವಿಷಯ ತಿಳಿಸಿದ ಮೇಲೆ, ಅಂಗಡಿಯಲ್ಲಿ ಉಳಿದ ಗಾಲಿಗಳನ್ನು ನಾಶ ಮಾಡಬೇಕೆಂದು ಆಹಾರ ಸುರಕ್ಷತೆ ಇಲಾಖೆಯವರು ಬರೆದು ಕಳಿಸಿದರು. ಹೋಟೆಲುಗಳಿಗೂ ಪತ್ರ ಹೋಯಿತು. ಬೆಳಿಗ್ಗೆ ಕಸದ ಆಟೋ ಬಂದಾಗ ನಾನು ಗಾಲಿಗಳನ್ನು ನಾಲ್ಕು ನಾಲ್ಕು ಹೋಳು ಮಾಡಿ ಅಂಗಡಿ ಮುಂದೆ ಇಟ್ಟಿದ್ದೆ. ಆಟೋದ ಜೊತೆ ಬರುವ ಹೆಂಗಸು ಒಂದು ಹೋಳನ್ನು ಎತ್ತಿ ನೋಡಿದಳು.

"ಇಷ್ಟೊಂದು ಕೆಟ್ಟೋಯ್ತಾ ಅಮ್ಮ?"

"ಕೆಟ್ಟಿಲ್ಲ. ಕರುವಿನ ಹೊಟ್ಟೇದು ಏನೋ ಹಾಕ್ಬಿಟ್ಟಿದಾರೆ. ತಿನ್ನೋ ಹಾಗಿಲ್ಲ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. "ನಾವ್ ತಿಂತೀವಿ, ನಮಗೇನ್ ತೊಂದ್ರೆ ಇಲ್ಲ" ಅಂದಳು. ಕೊಡಬಾರದೆಂದು ನಿಯಮ ಇತ್ತು. ನಾನು ಒಂದು ಹೋಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಉಳಿದದ್ದನ್ನೆಲ್ಲ ಅವಳೇ ಹಸಿ ಕಸದ ಡ್ರಮ್ಮಿಗೆ ಹಾಕಿದಳು. ಬಾಳೆಎಲೆ, ಮಲ್ಲಿಗೆ ಹೂವಿನ ಕಸ, ಕಾಫಿ ಗಸಿಯ ಮೇಲೆ ಹೋಳುಗಳು ದಪ್ಪ್ ದಪ್ಪ್ ಎಂದು ಬಿದ್ದವು. ಮಾರನೆಯ ದಿನ ನಾನು ಕೇಳುವ ಮೊದಲೇ, "ಉಪ್ಪು ಜಾಸ್ತಿ ಅಮ್ಮ" ಎಂದು ಹೇಳಿ ಹೋದಳು.

ಅಪ್ಪ ಹೋಗಿ ಕೇಳಿದಾಗ ಮಠದ ಸ್ವಾಮಿಗಳು, ತಿಳಿಯದೆ ಆದದ್ದಕ್ಕೆ ದೋಷವಿಲ್ಲ ಎಂದು ವಿಭೂತಿ ಕೊಟ್ಟು ಕಳಿಸಿದ್ದರು. ಅಪ್ಪ ಆ ಮಾತನ್ನು ನನಗೆ ಬಂದು ಹೇಳಿದರು, ನನ್ನ ಸಮಾಧಾನಕ್ಕೆಂದು. ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಗಾಂಧಿ ಬಜಾರಿಗೆ ಹೋಗುವುದನ್ನು ಬಿಟ್ಟರು. ಮೇಡಂ ಏನೂ ತಿನ್ನುತ್ತಿಲ್ಲ ಎಂದು ಅವರ ಕೆಲಸದಾಕೆ ಹೇಳುತ್ತಿದ್ದಳು. ಅಪ್ಪ ನನ್ನ ಹತ್ತಿರ ಬಂದು, "ಬೇರೆ ಯಾವುದಾದ್ರೂ ಇದ್ಯಾ, ಅದೇ ರುಚಿದು?" ಎಂದು ಕೇಳಿದರು. ಪೋರ್ಚುಗಲ್ ಕಡೆ ಒಂದು ಮುಳ್ಳುಗಿಡದ ಹೂವಿನಿಂದ ಹೆಪ್ಪು ಹಾಕುವ ಕುರಿಹಾಲಿನ ಚೀಸು ಇತ್ತು. ಅದನ್ನು ತರಿಸಿದೆ. ಅಪ್ಪ ತಾವೇ ತೆಗೆದುಕೊಂಡು ಹೋದರು. ಮೇಡಂ ಅದನ್ನು ಬಿಚ್ಚಲೂ ಇಲ್ಲವಂತೆ. "ನಂಬಿಕೆ ಬರ್ತಿಲ್ಲ, ಏನ್ ಮಾಡ್ಲಿ" ಅಂದರಂತೆ. ಐದನೇ ತಿಂಗಳಿಗೆ ಅವರು ಹೋದರು. ಕಾಯಿಲೆ ಮೊದಲೇ ಇತ್ತು, ಡಾಕ್ಟರು ಕೈ ಚೆಲ್ಲಿ ಬಹಳ ದಿನವಾಗಿತ್ತು. ಇದನ್ನೆಲ್ಲ ನಾನು ಅಪ್ಪನಿಗೆ ಹೇಳಿದೆ. ಅವರು, "ಹೌದು" ಅಂದರು. ರಾತ್ರಿ ತಟ್ಟೆಯ ಮುಂದೆ ಕೂತು, "ಹಸಿದುಕೊಂಡು ಹೋದ್ರು" ಅಂದರು.

ಅಂಗಡಿ ಖಾಲಿ ಮಾಡಿದ್ದು ಆ ವಾರವೇ. ಗುಡ್ಡದ ಹೆಂಗಸು ನಾಲ್ಕೈದು ಸಲ ಬರೆದಳು. ತಾನು ಬಂದು ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಲೇ ಎಂದೂ ಒಮ್ಮೆ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಗೊತ್ತಾದ ದಿನವೇ ಬರೆದವಳಿಗೆ ನಾನು ಏನೆಂದು ಬರೆಯಲಿ?

ಅಪ್ಪನಿಗೆ ನಿಜ ಹೇಳಿದ್ದು ಅವರಿಗೆ ಒಮ್ಮೆ ಪಾರ್ಶ್ವವಾಯು ಹೊಡೆದು, ಎಡಗಾಲು ಎಳೆಯುವ ಹಾಗಾದ ಮೇಲೆ. ಮೇಡಂ ಹೋಗಿ ವರ್ಷವಾಗುತ್ತಿತ್ತು. ಯಾರೋ ಹಳೆಯ ಗಿರಾಕಿ ನೋಡಲು ಬಂದಿದ್ದರು. ಅಪ್ಪ ಅವರ ಮುಂದೆ ನಿಧಾನವಾಗಿ, ನಾಲಿಗೆ ತಿರುಗದಿದ್ದರೂ ಬಿಡದೆ, "ನನ್ನ ಮಗಳು ಗೊತ್ತಾದ ಮಾರನೇ ದಿನಾನೇ ಹೇಳಿದ್ಲು. ಈಗಿನ ಕಾಲದಲ್ಲಿ ಯಾರ್ ಹೇಳ್ತಾರೆ" ಎಂದರು. ಬಂದವರು ಹೋದ ಮೇಲೆ ನಾನು ಅವರ ಮಂಚದ ಪಕ್ಕ ಕೂತೆ.

"ಅಪ್ಪ, ನನಗೆ ನಿನ್ನೆ ಗೊತ್ತಾಗಿರ್ಲಿಲ್ಲ. ನಲವತ್ತೊಂದು ದಿನ ಮೊದಲೇ ಗೊತ್ತಿತ್ತು."

ಯಾವ ನಿನ್ನೆ, ಯಾವ ನಲವತ್ತೊಂದು ಎಂದು ಅವರು ಕೇಳಲಿಲ್ಲ. ಕಿಟಕಿಯ ಕಡೆ ತಿರುಗಿದರು. ಆ ದಿನಗಳಲ್ಲಿ ತಾವು ಎಷ್ಟು ಸಲ ಲಿಂಗಕ್ಕೆ ಅದನ್ನು ಹಿಡಿದಿದ್ದೇವೆಂದು, ನಾನು ಎದುರಿಗೆ ಕೂತಿದ್ದೆನೆಂದು ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಆದರೆ ಅವರು ಹೇಳಿದ್ದು ಬೇರೆ.

"ಹಂಗಾದ್ರೆ ಹನ್ನೊಂದು ಮನೇಲಿ ನಾನು ಸುಳ್ಳು ಹೇಳಿದೀನಿ."

"ನೀವು ಹೇಳಿಲ್ಲ, ಅಪ್ಪ. ನಾನು ಹೇಳಿದ್ದು."

"ನನ್ನ ಬಾಯಲ್ಲಿ ಹೇಳ್ಸಿದ್ದು" ಅಂದರು. ಕೋಲಿಗಾಗಿ ಕೈ ಚಾಚಿದರು. "ಏಳ್ಸು. ಹೋಗಿ ಬರೋಣ."

ಅವರಿಗೆ ಬಚ್ಚಲಿಗೆ ಹೋಗಲೂ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ನಾನೇ ಹೋಗಿ ಬರುತ್ತೇನೆ ಎಂದೆ. ಅವರು ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ನಾನು ಹೊರಟೆ.

ಹೇಳುವುದು ಕಷ್ಟವಾಗುತ್ತದೆ ಎಂದು ಹೆದರಿದ್ದೆ. ಕೇಳುವವರು ಇರಲಿಲ್ಲ ಎನ್ನುವುದು ಗೊತ್ತಿರಲಿಲ್ಲ. ಒಂದು ಮನೆಯವರು ಮಲ್ಲೇಶ್ವರದ ಮಗಳ ಮನೆ ಸೇರಿದ್ದರು. ಅಲ್ಲಿಗೂ ಹೋದೆ. ಅವರಿಗೆ ಮರೆವು, ನನ್ನನ್ನು ಯಾರೋ ನರ್ಸ್ ಎಂದುಕೊಂಡರು. ಇನ್ನೊಂದು ಮನೆಯಲ್ಲಿ ಸೊಸೆ ಬಾಗಿಲಲ್ಲೇ, "ಅಯ್ಯೋ ಅದೆಲ್ಲ ಹಳೇ ಕಥೆ, ಬಿಡಿ ಆಂಟಿ" ಎಂದು ಹೇಳಿ ಮೊಬೈಲ್ ನೋಡಿಕೊಂಡಳು. ಮಾತ್ರೆಯ ಸಿಪ್ಪೆಯ ಮಾತಾಡಿದ್ದವರು ತೀರಿಕೊಂಡಿದ್ದರು. ಅಂದು ನನ್ನ ತಲೆ ಮುಟ್ಟಿದ್ದವರು ಮಾತ್ರ ಪೂರ್ತಿ ಕೇಳಿಸಿಕೊಂಡು, ಎದ್ದು ಒಳಗೆ ಹೋದರು. ಐದು ನಿಮಿಷ ಕಾದೆ, ಮತ್ತೆ ಹೊರಗೆ ಬರಲಿಲ್ಲ. ಜ್ಯೋತಿಷಿಗಳು ಬಾಗಿಲು ತೆಗೆದು, "ನಿಮ್ಮ ತಂದೆ ಹೇಗಿದಾರೆ?" ಎಂದು ಕೇಳಿದರು. ಹೇಳಿದೆ. "ಅವರನ್ನ ಅವತ್ತು ಬಾಗಿಲಲ್ಲಿ ನಿಲ್ಲಿಸ್ಬಾರ್ದಿತ್ತು" ಅಂದರು. ನಾನು ಹೇಳಲು ಹೋದದ್ದನ್ನು ಕೈ ಎತ್ತಿ ತಡೆದರು. ಮೇಡಂ ಮನೆಯನ್ನು ಕೆಡವಿದ್ದರು. ಹಸಿರು ಬಲೆ ಕಟ್ಟಿದ ಜಾಗದ ಮುಂದೆ ಸಿಮೆಂಟ್ ಮೂಟೆಗಳಿದ್ದವು. ಅಲ್ಲಿ ಯಾರಿಗೆ ಹೇಳಲಿ? ಸ್ವಲ್ಪ ಹೊತ್ತು ನಿಂತೆ. ವಾಚ್‌ಮನ್ ಬಂದು, "ಯಾರು ಬೇಕಿತ್ತು ಮೇಡಂ?" ಎಂದು ಕೇಳಿದ. ಯಾರೂ ಇಲ್ಲ ಎಂದು ಹೊರಟೆ.

ಮನೆಗೆ ಬಂದು ಒಂದೊಂದು ಮನೆಯದ್ದೂ ಹೇಳಿದೆ. ಅಪ್ಪ ಬೆರಳು ಮಡಿಸುತ್ತಾ ಕೇಳಿದರು. ಹನ್ನೊಂದನೆಯದಕ್ಕೆ ಬಂದಾಗ ಬೆರಳನ್ನು ಮಡಿಸದೆ ಹಾಗೇ ಹಿಡಿದರು. "ಆಯ್ತು" ಅಂದರು. ಅವರು ನನ್ನನ್ನು ಬೈಯಲಿಲ್ಲ, ಮಾತೂ ಬಿಡಲಿಲ್ಲ. ಆದರೆ ಅಂದಿನಿಂದ ಬಂದವರ ಮುಂದೆ ನನ್ನ ವಿಷಯ ಎತ್ತುವುದನ್ನು ನಿಲ್ಲಿಸಿದರು. ನಾನು ಬಡಿಸಿದ್ದನ್ನು ಊಟ ಮಾಡುತ್ತಿದ್ದರು, ನಾನು ಹಿಡಿದುಕೊಂಡರೆ ನಡೆಯುತ್ತಿದ್ದರು. ಆಷಾಢದಲ್ಲಿ ಎರಡನೇ ಸಲ ಪಾರ್ಶ್ವವಾಯು ಹೊಡೆದಾಗ ಮೂರು ದಿನ ಆಸ್ಪತ್ರೆಯಲ್ಲಿದ್ದು ಹೋದರು. ನಮ್ಮ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಮಣ್ಣು ಮಾಡಿದರು. ವಿಭೂತಿ ಗಟ್ಟಿಗಳನ್ನು ಸುತ್ತ ಜೋಡಿಸುವಾಗ ಜಂಗಮರು, "ಮಗಳು ಬಂದು ಒಂದು ಇಡಿ" ಎಂದು ಕರೆದರು. ಹೋಗಿ ಇಟ್ಟೆ.

ಈಗ ನಾನು ಚಾಮರಾಜಪೇಟೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಹೊರದೇಶದಿಂದ ತಿಂಡಿ ತಿನಿಸು ತರಿಸುವವರ ಕಾಗದಪತ್ರಗಳನ್ನು ಪರಿಶೀಲಿಸುವ ಕೆಲಸ. ಬಿಸ್ಕತ್ತು, ಚಾಕಲೇಟು, ಆಗಾಗ ಚೀಸು. ಲೇಬಲ್ಲಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ದಿನವಿಡೀ ಓದುತ್ತೇನೆ. ಕಳೆದ ತಿಂಗಳು ಆ ಗುಡ್ಡದ ಹೆಂಗಸಿನ ತಮ್ಮನಿಂದ ಮೇಲ್ ಬಂತು. ಅಕ್ಕನಿಗೆ ಇನ್ನು ಬಗ್ಗಲು ಆಗುವುದಿಲ್ಲ, ಹಸುಗಳನ್ನು ಮಾರಿದೆವು, ತಾಮ್ರದ ಹಂಡೆಯನ್ನು ಕೊಳ್ಳುವವರು ನಿನಗೆ ಯಾರಾದರೂ ಗೊತ್ತೇ ಎಂದು ಕೇಳಿದ್ದ. ಈ ಸಲ ಅದೇ ದಿನ ಉತ್ತರ ಬರೆದೆ. ಯಾರೂ ಗೊತ್ತಿಲ್ಲ ಎಂದೆ. ಅಕ್ಕನಿಗೆ ಹೇಳು, ಅವಳ ಚೀಸಿನಷ್ಟು ಒಳ್ಳೆಯದನ್ನು ನಾನು ಆಮೇಲೆ ಎಲ್ಲೂ ತಿಂದಿಲ್ಲ ಎಂದೂ ಬರೆದೆ. ಅದು ನಿಜ.